ಷೋಕೇಸಿನ ನಡುವಿನ ಫೋಟೋ

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ ಕೇಳಿ, ಈ ಸೀಮೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಫೋಟೋಗ್ರಾಫರ್ ಯಾರು ಎಂದು. ಬೇರೆ ಹೆಸರು ಹೇಳಿದರೆ ಅವರು ಕಡೂರಿನವರಲ್ಲ, ಬಸ್ಸು ಬದಲಿಸಲು ಇಳಿದವರು. ಮೃತ್ಯುಂಜಯ ಡಿಜಿಟಲ್ ಸ್ಟುಡಿಯೋದ ಮೃತ್ಯುಂಜಯ ಎಂದರೆ ನಾನೇ. ನಾನು ಫೋಟೋ ತೆಗೆದ ಮದುವೆಗಳ ಗಂಡ ಹೆಂಡಿರು ಇವತ್ತಿನವರೆಗೂ ಒಂದು ಮಾತು ಜಗಳವಾಡಿಲ್ಲ. ವಿಮೆಗೆಂದು ಎಮ್ಮೆಯ ಫೋಟೋ ತೆಗೆಯಲು ಹೋದಾಗ ಆ ಎಮ್ಮೆ ತಾನಾಗಿಯೇ ಕತ್ತು ವಾರೆ ಮಾಡಿ, ಬಾಲ ಸರಿಮಾಡಿಕೊಂಡು ನಿಂತದ್ದನ್ನು ಬೀರೂರಿನವರು ಈಗಲೂ ಮಾತಾಡಿಕೊಳ್ಳುತ್ತಾರೆ.

ಇಂಥ ನನ್ನ ಕೌಂಟರಿನ ಗಾಜಿನ ಮೇಲೆ ಒಂದು ಮಧ್ಯಾಹ್ನ ಒಬ್ಬ ಹುಡುಗಿ ನಮ್ಮಲ್ಲೇ ತೆಗೆಸಿದ್ದ ಪಾಸ್‌ಪೋರ್ಟ್ ಫೋಟೋಗಳನ್ನು ಇಸ್ಪೀಟೆಲೆಗಳ ಹಾಗೆ ಹರಡಿದಳು.

“ಇದರಲ್ಲಿ ನಾನೆಲ್ಲಿದ್ದೇನೆ, ಸ್ವಲ್ಪ ಹುಡುಕಿ ಕೊಡಿ,” ಎಂದಳು.

ಧ್ವನಿಯಲ್ಲಿ ಕೋಪವಿತ್ತು, ಆದರೆ ಏರಿರಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಗುಂಗುರು ಕೂದಲನ್ನು ಎತ್ತಿ ಕಟ್ಟಿದ್ದಳು, ಅದರಲ್ಲಿ ಕೆಲವು ಸುರುಳಿಗಳು ಆ ಕಟ್ಟಿನಲ್ಲಿ ನಿಲ್ಲಲು ಒಪ್ಪದೆ ಹೊರಬಂದಿದ್ದವು. ಕಪ್ಪು ಮುಖ, ಅಗಲವಾದ ಹಣೆ, ಬಾಗಿಲ ಬೆಳಕು ಬಿದ್ದ ಕಡೆ ಕೆನ್ನೆ ಹೊಳೆಯುತ್ತಿತ್ತು. ಆಮೇಲೆ ಗಾಜಿನ ಮೇಲಿನ ಫೋಟೋ ನೋಡಿದೆ. ಅಲ್ಲಿ ಹಾಲಿನಲ್ಲಿ ಅದ್ದಿ ತೆಗೆದಂಥ ಯಾರೋ ಒಬ್ಬಳಿದ್ದಳು. ಕಿವಿಯೋಲೆ ಮಾತ್ರ ಇವಳದು.

ಇದಕ್ಕೆ ಕಾರಣವಿತ್ತು. ನಮ್ಮ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಒಂದು ಬಟನ್ ಇತ್ತು. ಒತ್ತಿದರೆ ಎಂಥ ಮುಖವೂ ಬೆಳ್ಳಗಾಗುತ್ತಿತ್ತು. ಅದಕ್ಕೆ ನಾವಿಟ್ಟ ಹೆಸರು ‘ಹಾಲು’. ನಾನು ಕ್ಲಿಕ್ಕಿಸುವುದು, ಒಳಗೆ ಕಂಪ್ಯೂಟರಿನ ಮುಂದೆ ಕೂತ ನನ್ನ ತಂಗಿ ತನುಜಾ ಹಾಲು ಹಾಕುವುದು. ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಬಂದಿರಲಿಲ್ಲ, ಎಲ್ಲರೂ ‘ಸ್ವಲ್ಪ ಕಲರ್ ಬರೋ ಹಾಗೆ ಮಾಡಪ್ಪ’ ಎನ್ನುವವರೇ. ನಾನು ಹಾಲು ಹಾಕಿದ ಹೆಣ್ಣುಮಕ್ಕಳ ಫೋಟೋ ರಾತ್ರಿ ಕರೆಂಟು ಹೋದಾಗ ಮನೆಗೆ ಬೆಳಕು ಕೊಡುತ್ತಿತ್ತು ಎಂದರೆ ನೀವು ನಂಬಬೇಕು.

ನಾನು ಅದನ್ನೇ ಹೆಮ್ಮೆಯಿಂದ ಹೇಳಿದೆ. ನಿಮಗೆ ಪುಕ್ಕಟೆಯಾಗಿ ಎರಡು ಲೋಟ ಹಾಕಿದ್ದೇವೆ ಎಂದೆ.

ಅವಳು ನನ್ನನ್ನೇ ನೋಡಿದಳು. ತರೀಕೆರೆಯಲ್ಲಿ ಇಲಾಖೆಯ ಪರೀಕ್ಷೆಯಿತ್ತಂತೆ. ಬಾಗಿಲಲ್ಲಿ ನಿಂತ ಮೇಲ್ವಿಚಾರಕರು ಫೋಟೋ ನೋಡಿ, ಇವಳನ್ನು ನೋಡಿ, ಇದು ನೀನಲ್ಲ ಎಂದರಂತೆ. ಮೂರು ಜನ ಬಂದು ನೋಡಿ, ಯಾವ ದೇಶದವಳು ಎಂದು ಕೇಳಿ, ಆಧಾರ್ ಕಾರ್ಡು ಉಜ್ಜಿ ನೋಡಿ ಒಳಗೆ ಬಿಡುವಷ್ಟರಲ್ಲಿ ಉಳಿದವರು ಮೊದಲ ಪುಟ ಮುಗಿಸಿದ್ದರಂತೆ.

“ಯಾವ ದೇಶ ಅಂತ ಕೇಳೋದು ನನಗೆ ಅಭ್ಯಾಸ ಆಗಿದೆ. ನಾನು ಯಲ್ಲಾಪುರದ ಹತ್ತಿರದವಳು, ಸಿದ್ದಿ. ನಮ್ಮ ಹಿಂದಿನವರು ಆಫ್ರಿಕಾದಿಂದ ಯಾವಾಗ ಬಂದ್ರೋ, ಈಗ ಅದೇ ಊರು ನಮ್ಮ ಊರು. ಆದರೆ ನಾನು ನಾನಲ್ಲ ಅಂತ ನನ್ನ ಫೋಟೋನೇ ಹೇಳಿದ್ದು ಇದೇ ಮೊದಲು, ಮಾರಾಯ್ರೆ,” ಎಂದಳು.

ಹೆಸರು ಅಕ್ಷತಾ. ಅಜ್ಜಂಪುರ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್. ಜಮೀನು ಅಳೆಯುವ ಕೆಲಸ.

ನಾನು ಸೋಲುವವನಲ್ಲ. ಹಾಲಿಲ್ಲದ ಮೂಲ ಫೋಟೋ ಈಗಲೇ ಪ್ರಿಂಟ್ ಹಾಕಿಕೊಡುತ್ತೇನೆ ಎಂದು ಒಳಗೆ ಹೋಗಿ ತೆರೆದು ನೋಡಿದರೆ, ಅದರಲ್ಲಿ ಹಿಂದಿನ ನೀಲಿ ಪರದೆ ಬಹಳ ಚೆನ್ನಾಗಿ ಬಂದಿತ್ತು. ಮುಖ ಬಂದಿರಲಿಲ್ಲ. ನನ್ನ ಲೈಟುಗಳನ್ನೆಲ್ಲ ನಾನು ಯಾವತ್ತೋ ಒಂದು ಬಣ್ಣದ ಮುಖಕ್ಕೆ ಹೊಂದಿಸಿ ಬಿಗಿದಿದ್ದೆ. ಆಮೇಲೆ ಅಲ್ಲಾಡಿಸಿರಲಿಲ್ಲ.

ಅವಳು ನನ್ನ ಹೆಗಲ ಹಿಂದಿನಿಂದ ನೋಡಿ, “ಹಾಲು ಹಾಕಿದ್ರೆ ನಾನಲ್ಲ, ಹಾಕದಿದ್ರೆ ನಾನಿಲ್ಲ,” ಎಂದಳು. ಹೇಳಿ, ಕೋಪದ ನಡುವೆಯೇ ಸ್ವಲ್ಪ ನಕ್ಕಳು. ಆ ನಗು ಎಡಗಡೆ ತುಟಿಯ ಕೊನೆಯಲ್ಲಿ ಶುರುವಾಗಿ, ಬಲಗಡೆ ಮುಟ್ಟುವ ಮೊದಲೇ ಅವಳು ಅದನ್ನು ವಾಪಸು ಕರೆದುಕೊಂಡಳು.

ನಾನು ಬಿದ್ದದ್ದು ಅಲ್ಲೇ. ಬಿದ್ದ ಸದ್ದು ಚಿಕ್ಕಮಗಳೂರಿಗೆ ಕೇಳಿಸಿರಬೇಕು.

ಆ ದಿನ ನಾನು ಲೈಟುಗಳ ಸ್ಕ್ರೂಗಳನ್ನೆಲ್ಲ ಬಿಚ್ಚಿದೆ. ಫ್ಲ್ಯಾಶ್ ತೆಗೆದಿಟ್ಟೆ. ಕುರ್ಚಿಯನ್ನು ಬಾಗಿಲ ಹತ್ತಿರ ತಂದು, ಬೆಳಕು ಒಂದು ಪಕ್ಕದಿಂದ ಮೆತ್ತಗೆ ಬರುವ ಹಾಗೆ ಬಿಳಿ ಪರದೆ ಇಳಿಬಿಟ್ಟು, ಇನ್ನೊಂದು ಪಕ್ಕಕ್ಕೆ ತನುಜಾಳ ಕೈಯಲ್ಲಿ ಥರ್ಮೋಕೋಲ್ ಹಲಗೆ ಕೊಟ್ಟು ನಿಲ್ಲಿಸಿದೆ. ತೆಗೆದೆ, ಅಳಿಸಿದೆ, ಮತ್ತೆ ತೆಗೆದೆ. ಅಕ್ಷತಾ ಕುಳಿತೇ ಇದ್ದಳು. ನಾನು ಗಲ್ಲ ಎತ್ತಿ ಎಂದರೆ ಎತ್ತಿದಳು, ಇತ್ತ ನೋಡಿ ಎಂದರೆ ನೋಡಿದಳು. ಹಾಗೆ ನೋಡಿದಾಗಲೆಲ್ಲ ನಾನು ಫೋಕಸ್ ಮಾಡುವುದನ್ನೇ ಮರೆತು ಇನ್ನೊಂದು ಫೋಟೋ ಹಾಳಾಯಿತು.

ಕೊನೆಯದು ಸರಿಬಂತು. ಹಣೆಯ ಮೇಲೆ ಬೆಳಕು, ಕಣ್ಣಿನ ಕೆಳಗೆ ಮೃದುವಾದ ನೆರಳು, ಒಂದೊಂದು ಸುರುಳಿ ಕೂದಲೂ ಬೇರೆ ಬೇರೆಯಾಗಿ. ಅವಳು ಬಹಳ ಹೊತ್ತು ನೋಡಿದಳು.

“ಇವಳು ನನಗೆ ಗೊತ್ತು,” ಎಂದಳು.

ತನುಜಾ ಥರ್ಮೋಕೋಲ್ ಹಿಡಿದುಕೊಂಡೇ ಬಗ್ಗಿ ನೋಡಿ, “ಅಣ್ಣ, ನೀನು ಇಷ್ಟು ಚೆನ್ನಾಗಿ ಫೋಟೋ ತೆಗೀತೀಯಾ?” ಎಂದು ಕೇಳಿದಳು. ನನ್ನ ಜೀವನದಲ್ಲಿ ನನ್ನ ತಂಗಿ ನನಗೆ ಕೊಟ್ಟ ಏಕೈಕ ಪ್ರಶಸ್ತಿ ಅದು.

ಅಂಗಡಿಯ ಷೋಕೇಸಿನಲ್ಲಿ ಇದನ್ನು ದೊಡ್ಡದು ಮಾಡಿ ಇಡಬಹುದಾ ಎಂದು ಕೇಳಿದೆ. ಅಕ್ಷತಾ ಹೊರಗೆ ಹೋಗಿ ಷೋಕೇಸನ್ನು ಒಮ್ಮೆ ನೋಡಿ ಬಂದಳು. ಅಲ್ಲಿ ಬೆಳ್ಳಗಿನ ಮದುಮಕ್ಕಳು, ಬೆಳ್ಳಗಿನ ಕೂಸುಗಳು, ನಡುವೆ ತೆಂಗಿನಕಾಯಿ ವರ್ತಕರ ಸಭೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿರುವ ನನ್ನ ಸೋದರಮಾವ ಕಲ್ಲೇಶಪ್ಪ, ಅವರೂ ಹಿಮ ಬಿದ್ದ ಹಾಗೆ ಬೆಳ್ಳಗೆ.

“ಇಡಿ. ಆದರೆ ಇಟ್ಟ ಮೇಲೆ ಯಾರೋ ಏನೋ ಅಂದ್ರು ಅಂತ ತೆಗೀಬಾರದು. ಅಷ್ಟು ಧೈರ್ಯ ಬಂದ ದಿನ ಇಡಿ,” ಎಂದಳು.

ಧೈರ್ಯವಾ? ನನಗಾ? ನಾಳೆಯೇ ಇಡುತ್ತೇನೆ ಎಂದೆ. ಆಮೇಲೆ ಒಳ್ಳೆಯ ಫ್ರೇಮ್ ಸಿಗಲಿ ಎಂದು ಕಾದೆ. ಕಡೂರಿನಲ್ಲಿ ಫ್ರೇಮುಗಳಿಗೆ ಬರ ಬಂದಿತ್ತು ಎಂದು ಈಗಲೂ ವಾದಿಸಬಲ್ಲೆ.

*

ಪ್ರಿಂಟುಗಳನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ವಾಟ್ಸ್ಆ್ಯಪ್ ಇತ್ತು. ಆದರೂ ನಾನು ಪ್ಯಾಸೆಂಜರ್ ರೈಲು ಹತ್ತಿ, ಬೀರೂರು ದಾಟಿ, ಅಜ್ಜಂಪುರದಲ್ಲಿ ಇಳಿದು ನಾನೇ ಕೊಟ್ಟೆ. ಮುಂದಿನ ವಾರ ಅದೇ ಪ್ರಿಂಟುಗಳನ್ನು ಬೇರೆ ಕಾಗದದಲ್ಲಿ ಹಾಕಿ ಕೊಟ್ಟೆ. ಅದರ ಮುಂದಿನ ವಾರ ಹೊಳೆಯದ ಕಾಗದದಲ್ಲಿ. ಅವಳ ಹತ್ತಿರ ಎಷ್ಟು ಪಾಸ್‌ಪೋರ್ಟ್ ಫೋಟೋ ಸೇರಿದವು ಎಂದರೆ, ಅವಳು ಭೂಮಿಯ ಮೇಲಿನ ಎಲ್ಲ ದೇಶಗಳಿಗೂ ಒಂದೊಂದು ಅರ್ಜಿ ಹಾಕಬಹುದಿತ್ತು.

ಶನಿವಾರ ಮಧ್ಯಾಹ್ನ ಅವಳ ಅಳತೆ ಮುಗಿಯುವ ಹೊಲದ ಬದುವಿನಲ್ಲಿ ನಾನು ಕಾಯುತ್ತಿದ್ದೆ. ಶಿವನಿ ಊರಿನ ಕಡೆ ಈರುಳ್ಳಿ ಹೊಲಗಳ ನಡುವೆ ಅವಳು ಮೂರು ಕಾಲಿನ ಯಂತ್ರಕ್ಕೆ ಕಣ್ಣಿಟ್ಟು, ದೂರದಲ್ಲಿ ಕೋಲು ಹಿಡಿದವನಿಗೆ ಕೈಸನ್ನೆ ಮಾಡುತ್ತಿದ್ದಳು. ಯಂತ್ರದಿಂದ ತಲೆಯೆತ್ತಿದಾಗ ನನ್ನನ್ನು ನೋಡಿಯೂ ನೋಡದ ಹಾಗೆ ಮಾಡುತ್ತಿದ್ದಳು. ಆದರೆ ಕತ್ತಿನ ಸ್ಕಾರ್ಫನ್ನು ಒಮ್ಮೆ ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಅಷ್ಟು ಸಾಕಿತ್ತು, ಮುಂದಿನ ಶನಿವಾರದವರೆಗೆ ಅನ್ನ ನೀರು ಬೇಡವಾಗುತ್ತಿತ್ತು.

“ಇವತ್ತು ನಿಮ್ಮನ್ನ ನೋಡೋಕೆ ಬತ್ತೀನಿ ಅಂತ ಗೊತ್ತಾಗಿ ರೈಲು ಅರ್ಧ ಗಂಟೆ ಮೊದ್ಲೇ ಬಂದ್ಬಿಡ್ತು ಕಣ್ರೀ,” ಎಂದೆ ಒಮ್ಮೆ.

“ಅದು ನಿನ್ನೆಯ ರೈಲು ಇರಬೇಕು.”

“ನಾನು ಹೇಳಿದ್ದನ್ನ ಒಂದ್ಸಲಾದ್ರೂ ನಂಬ್ತೀರಾ?”

“ನಂಬ್ತೇನಲ್ಲ. ಹತ್ತರಿಂದ ಭಾಗಿಸಿ ನಂಬ್ತೇನೆ. ಅಳತೆಯವಳು ನಾನು.”

“ನೀವು ನನಗೆ ಇಷ್ಟ ಅಂದ್ರೆ ಅದನ್ನೂ ಭಾಗಿಸ್ತೀರಾ?”

ಅವಳು ಯಂತ್ರವನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು. “ಅದನ್ನ ನೀವು ಇನ್ನೂ ಹೇಳಲಿಲ್ಲವಲ್ಲ. ಹೇಳಿದಾಗ ನೋಡುವ,” ಎಂದು ಪೆಟ್ಟಿಗೆಯ ಕೊಂಡಿ ಹಾಕಿದಳು. ಕೊಂಡಿ ಹಾಕಿದ ಮೇಲೂ ತಲೆ ತಗ್ಗಿಸಿಯೇ ಇದ್ದಳು. ನಗುತ್ತಿದ್ದಳು.

ಮುಂದಿನ ಶನಿವಾರ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಹೇಳುವ ಮಾತನ್ನು ರೈಲಿನಲ್ಲಿ ಎಷ್ಟು ಚೆಂದ ಹೆಣೆದಿದ್ದೆನೆಂದರೆ, ಎದುರಿಗೆ ಕೂತ ಮುದುಕಿಗೆ ಕೇಳಿಸಿದ್ದರೆ ನನ್ನನ್ನೇ ಮದುವೆಯಾಗುತ್ತಿದ್ದಳು.

ಅಜ್ಜಂಪುರದ ಸ್ಟೇಷನ್ ಹತ್ತಿರ ಒಂದು ಚಿಕ್ಕ ಹೋಟೆಲಿದೆ, ಮಂಡಕ್ಕಿ ಮೆಣಸಿನಕಾಯಿಗೆ ಹೆಸರಾದದ್ದು. ಅಲ್ಲಿ ಕೂತೆವು. ಜನ ತುಂಬಿದ್ದರು. ಬಂದ ಹೊತ್ತಿನಿಂದ ಎಲ್ಲರ ಕಣ್ಣೂ ಅವಳ ಮೇಲೆಯೇ. ಪಕ್ಕದ ಬೆಂಚಿನ ಹೆಂಗಸೊಬ್ಬಳು ಕೇಳದೆಯೇ ಕೈ ಚಾಚಿ ಅವಳ ಕೂದಲು ಮುಟ್ಟಿ ನೋಡಿ, ನಿಜವಾದದ್ದೇ ಎಂದು ತನ್ನ ಗಂಡನಿಗೆ ಹೇಳಿದಳು. ಅಕ್ಷತಾ ತಲೆ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಳು, ಅಷ್ಟೇ. ತಟ್ಟೆ ತಂದಿಟ್ಟ ಹೋಟೆಲಿನವನು ಅವಳನ್ನು ಕೇಳಲಿಲ್ಲ, ನನ್ನನ್ನು ಕೇಳಿದ.

“ಮೇಡಂಗೆ ಖಾರ ನಡೀತದಾ? ಅವರ ದೇಶದಲ್ಲಿ ಏನು ತಿಂತಾರೆ?”

ಇಡೀ ಹೋಟೆಲು ನನ್ನ ಉತ್ತರಕ್ಕೆ ಕಾದಿತ್ತು. ಇಷ್ಟು ಕಿವಿಗಳು ಒಟ್ಟಿಗೆ ಸಿಕ್ಕರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

“ಅವರ ದೇಶದಲ್ಲಿ ಬೆಳಗಿನ ತಿಂಡಿಗೇ ಸಿಂಹ ಕಣಪ್ಪ. ನಿನ್ನ ಮೆಣಸಿನಕಾಯಿ ಯಾವ ಲೆಕ್ಕ,” ಎಂದೆ.

ಹೋಟೆಲು ನಕ್ಕಿತು. ನಾನೂ ನಕ್ಕೆ. ಬಹಳ ಚೆನ್ನಾಗಿ ಸಂಭಾಳಿಸಿದೆ ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ಮಂಡಕ್ಕಿಯ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಬ್ಯಾಗು ತೆಗೆದುಕೊಂಡು ಎದ್ದಳು.

ಪ್ಲಾಟ್‌ಫಾರಂನ ಕೊನೆಯ ಬೆಂಚಿನವರೆಗೂ ನಡೆದಳು. ನಾನು ಹಿಂದೆ ಹಿಂದೆ. ಅದು ತಮಾಷೆ, ಅವರು ಮುಂದೆ ಕೇಳದ ಹಾಗೆ ಬಾಯಿ ಮುಚ್ಚಿಸೋಕೆ ಅಂದದ್ದು ಎಂದು ಏನೇನೋ ಹೇಳಿದೆ. ಅವಳು ಹಳಿಗಳನ್ನು ನೋಡುತ್ತಾ ಕೇಳಿಸಿಕೊಂಡಳು.

“ಆ ಹೋಟೆಲಿನವರು ಕೇಳಿದ್ದು ಗೊತ್ತಿಲ್ಲದೆ,” ಎಂದಳು. “ನೀವು ಹೇಳಿದ್ದು ಗೊತ್ತಿದ್ದೂ.”

ತಪ್ಪಾಯಿತು, ಇನ್ನು ಮೇಲೆ ಅಂಥ ಮಾತು ಆಡುವುದಿಲ್ಲ ಎಂದೆ.

“ನೀವು ಆಡದಿದ್ರೆ ಸಾಕಾ? ಬೇರೆಯವರು ಆಡಿದಾಗ ಏನು ಮಾಡ್ತೀರಿ? ಇಷ್ಟು ಮಾತು ಬರುವ ನಿಮಗೆ ಅಲ್ಲಿ ಒಂದು ಮಾತು ಬರಲಿಲ್ಲ. ಇವರು ಯಲ್ಲಾಪುರದವರು, ಅವರನ್ನೇ ಕೇಳಿ ಅಂತ. ಅಷ್ಟೇ ಸಾಕಿತ್ತು ನನಗೆ.”

“ಇನ್ನೊಂದ್ಸಲ ಯಾರಾದ್ರೂ ನಿಮ್ಮ ಮುಂದೆ...”

“ನನ್ನ ಮುಂದೆ ಎಲ್ಲರೂ ಒಳ್ಳೆಯವರೇ. ನಾನಿಲ್ಲದಾಗ ನೀವು ಯಾರು, ಅದು ನನಗೆ ಬೇಕು.” ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೇಳಿದಳು, “ಅದನ್ನೂ ನೀವೇ ಬಂದು ಹೇಳ್ಬೇಡಿ. ನಿಮ್ಮ ಮಾತನ್ನ ಭಾಗಿಸಿ ಭಾಗಿಸಿ ಸುಸ್ತಾಗಿದೆ. ಇನ್ನು ಬರೋದು ಬೇಡ.”

ಕಡೂರಿನ ಕಡೆಯ ರೈಲು ಬಂತು. ನಾನು ಹತ್ತಿದೆ. ರೈಲಿನಲ್ಲಿ ಹೆಣೆದುಕೊಂಡು ಬಂದಿದ್ದ ಮಾತು ಹಾಗೆಯೇ ವಾಪಸು ಬಂತು.

*

ಎಷ್ಟು ದಿನ ಅಂಗಡಿಯಲ್ಲಿ ಮಂಕಾಗಿ ಕೂತಿದ್ದೆನೋ ಲೆಕ್ಕವಿಲ್ಲ. ನಾನು ಮಾತಾಡದ್ದನ್ನು ಕಂಡು ಎದುರಿನ ಮೆಡಿಕಲ್ ಸ್ಟೋರಿನವರು ಜ್ವರದ ಮಾತ್ರೆ ಕಳಿಸಿಕೊಟ್ಟರು.

ಒಂದು ಬೆಳಿಗ್ಗೆ ತರೀಕೆರೆಯಿಂದ ಒಬ್ಬ ತಾಯಿ ಮಗಳನ್ನು ಕರೆತಂದರು. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕಿತ್ತು. ಹುಡುಗಿ ಲಕ್ಷಣವಾಗಿದ್ದಳು. ತಾಯಿ ಮಾತ್ರ ಲಕ್ಷಣವಾಗಿದ್ದಾಳೆ ಆದರೆ, ಲಕ್ಷಣವಾಗಿದ್ದಾಳೆ ಆದರೆ ಎನ್ನುತ್ತಲೇ ಇದ್ದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಬಾಗಿಲ ಬೆಳಕಿನಲ್ಲಿ ಕೂರಿಸಿ ತೆಗೆದೆ. ಅಭ್ಯಾಸಬಲದಿಂದ ಒಳಗೆ ಕೂಗಿದೆ, ತನುಜಾ, ಹಾಲು.

ಒಳಗೆ ಹೋಗಿ ನೋಡಿದರೆ ತಂಗಿ ಕೈ ಕಟ್ಟಿ ಕೂತಿದ್ದಳು.

“ಅಣ್ಣ, ನನ್ನ ಫೋಟೋಕ್ಕೂ ಹೈಸ್ಕೂಲಿಂದ ಇದನ್ನೇ ಹಾಕ್ತಾ ಬಂದಿದ್ದೀಯಾ. ಹೋದ್ಸಲ ನೋಡೋಕೆ ಬಂದೋರು ನಮ್ಮ ಬಾಗಿಲಲ್ಲಿ ನನ್ನನ್ನ ಕಂಡು, ಹುಡುಗಿಯನ್ನ ಕರೀರಿ ಅಂದ್ರು. ನೆನಪಿದೆಯಾ? ನೀನು ನಕ್ಕೆ.”

ಅವಳು ಏನೂ ಜೋರಾಗಿ ಹೇಳಲಿಲ್ಲ. ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ. ಇಬ್ಬರೂ ಸೇರಿ ಆ ಬಟನ್ ಅಳಿಸಿದೆವು. ಅಳಿಸುವಾಗ ಕಂಪ್ಯೂಟರು ‘ಖಂಡಿತವಾಗಿಯೂ?’ ಎಂದು ಕೇಳಿತು. ತನುಜಾ ನನ್ನ ಕಡೆ ನೋಡಿದಳು. ‘ಹೌದು’ ಒತ್ತಮ್ಮ ಎಂದೆ.

ತಾಯಿಯ ಹತ್ತಿರ ಬಂದು, ನಿಮ್ಮ ಮಗಳ ಬಣ್ಣ ಬದಲಿಸುವುದಿಲ್ಲ, ಬೇಕಾದರೆ ಇನ್ನೂ ಒಳ್ಳೆಯ ಬೆಳಕಿನಲ್ಲಿ ಇನ್ನೊಂದು ತೆಗೆಯುತ್ತೇನೆ ಎಂದೆ. ಅವರು ಬೇಸರ ಮಾಡಿಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ಹುಡುಗಿ ಕ್ಯಾಮೆರಾದ ಕಡೆ ಕೈ ತೋರಿಸಿ, ಅದನ್ನು ನನ್ನ ಮೊಬೈಲಿಗೆ ಕಳಿಸ್ತೀರಾ ಎಂದು ಪಿಸುಗುಟ್ಟಿದಳು. ಕಳಿಸಿದೆ. ಮುಂದೇನಾಯಿತೋ ತಿಳಿಯದು. ಆ ಹುಡುಗಿಗೆ ರಾಜಕುಮಾರನೇ ಸಿಕ್ಕ ಎಂದು ನಾನು ಬರೆಯಬಹುದು, ಆದರೆ ಭಾಗಿಸುವವರು ಓದುತ್ತಾರೆ.

ಫ್ರೇಮಿನ ಬರವೂ ಅದೇ ವಾರ ನೀಗಿತು. ಮಾವನ ಹಾರದ ಫೋಟೋವನ್ನು ಪಕ್ಕಕ್ಕೆ ಸರಿಸಿ, ಷೋಕೇಸಿನ ನಡುವೆ ಅಕ್ಷತಾಳನ್ನು ಇಟ್ಟೆ.

ಕಲ್ಲೇಶಪ್ಪ ಮಾವನ ಬಗ್ಗೆ ಹೇಳಬೇಕು. ಅವರು ಅಮ್ಮನ ಅಣ್ಣ. ಅವರ ಮಂಡಿಗೆ ಬರುವ ತೆಂಗಿನಕಾಯಿ ರಾಶಿ ಹಾಕಿದರೆ ಬಾಬಾಬುಡನ್ ಗಿರಿ ಕಾಣುವುದಿಲ್ಲ. ನಾನು ಸ್ಟುಡಿಯೋ ಹಾಕಿದ್ದು ಅವರ ಒತ್ತಾಸೆಯಿಂದ, ನನಗೆ ಮದುವೆ ಕೆಲಸಗಳು ಬರುವುದು ಅವರ ಮಾತಿನಿಂದ. ಅವರ ಮಗಳು ಕೃತಿಕಾಳ ಮದುವೆ ಗೊತ್ತಾಗಿತ್ತು. ಆ ವರ್ಷದ ಅತಿ ದೊಡ್ಡ ಕೆಲಸ ನನ್ನದೇ ಎಂದು ಇಡೀ ಪೇಟೆಗೆ ಸಾರಿದ್ದೆ. ಪ್ರತಿ ಸಂಜೆ ಮಂಡಿ ಮುಚ್ಚಿ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿದು ಹೋಗುವುದು ಅವರ ಪದ್ಧತಿ.

ಅವತ್ತೂ ಬಂದರು. ಜೊತೆಗೆ ವರ್ತಕರು ಇಬ್ಬರು. ಷೋಕೇಸಿನ ಮುಂದೆ ನಿಂತು, ತಮ್ಮ ಫೋಟೋ ಮೂಲೆಗೆ ಹೋಗಿದ್ದು ನೋಡಿದರು. ನಡುವಿನ ಫೋಟೋ ನೋಡಿದರು.

“ಏನಪ್ಪಾ ಮೃತ್ಯುಂಜಯ, ಅಂಗಡಿಗೆ ದೃಷ್ಟಿಬೊಂಬೆ ತಂದಿಟ್ಟಿದ್ದೀಯಾ? ಬಾಗಿಲ ಮೇಲೆ ನೇತು ಹಾಕಬೇಕಪ್ಪ ಅದನ್ನ.”

ಜೊತೆಯವರು ಬಿದ್ದು ಬಿದ್ದು ನಕ್ಕರು. ಹೊಸ ಮನೆಗಳ ಮುಂದೆ ಕಟ್ಟುತ್ತಾರಲ್ಲ, ಕೋರೆಹಲ್ಲಿನ, ಕರಿ ಮುಖದ, ನಾಲಿಗೆ ಚಾಚಿದ ಗೊಂಬೆ, ಅದು. ನನಗೆ ಇಂಥ ಹೊತ್ತಿನಲ್ಲಿ ತುಟಿಗೆ ನಗು ತಾನಾಗಿಯೇ ಬರುತ್ತದೆ. ಅರ್ಧ ಬಂದೇ ಬಿಟ್ಟಿತ್ತು. ಮಾವನ ಮಾತಿಗೆ ನಗದೆ ಇರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಒಳಗೆ ತನುಜಾಳ ಕೀಬೋರ್ಡಿನ ಸದ್ದು ನಿಂತಿತು. ನಾನು ಆ ಅರ್ಧ ನಗುವನ್ನು ಅಲ್ಲೇ ನಿಲ್ಲಿಸಿದೆ.

“ಏನು ನಗು ಬಂತು ಮಾವ? ಬಿಡಿಸಿ ಹೇಳಿ, ನನಗೆ ಗೊತ್ತಾಗಲಿಲ್ಲ,” ಎಂದೆ.

ಬಿಡಿಸಿ ಹೇಳುವುದೇನು, ತಮಾಷೆಯಪ್ಪ ಎಂದರು. ಯಾವುದು ತಮಾಷೆ ಎಂದು ಮತ್ತೆ ಕೇಳಿದೆ. ನೀನೇ ದಿನಕ್ಕೆ ನೂರು ತಮಾಷೆ ಮಾಡುವವನು, ಹಾಗಿದ್ದೂ ಹೀಗೆ ಕೇಳುತ್ತೀಯಲ್ಲ ಎಂದರು. ಜೊತೆಯವರು ಟೀ ಲೋಟದ ತಳ ನೋಡತೊಡಗಿದರು.

ಬೇರೆ ದಿನವಾಗಿದ್ದರೆ ನಾನೊಂದು ಭಾಷಣವನ್ನೇ ಮಾಡುತ್ತಿದ್ದೆ. ಅವತ್ತು ಬಾಯಿಂದ ಬಂದದ್ದು ಇಷ್ಟೇ:

“ಅವರು ಅಕ್ಷತಾ ಅಂತ. ಅಜ್ಜಂಪುರದಲ್ಲಿ ಸರ್ವೆಯರ್. ನೀವು ಅಂದ ಮಾತು ತಪ್ಪು ಮಾವ. ಈ ಅಂಗಡೀಲಿ ಆ ಮಾತು ಬೇಡ.”

ಮಾವ ಟೀ ಲೋಟವನ್ನು ಅರ್ಧಕ್ಕೇ ಇಟ್ಟರು. ಕೃತಿಕಾಳ ಮದುವೆಗೆ ತರೀಕೆರೆಯ ಒಬ್ಬ ಫೋಟೋಗ್ರಾಫರಿಗೆ ಹೇಳುತ್ತೇನೆ, ಅವನಿಗೆ ದೊಡ್ಡವರು ಚಿಕ್ಕವರು ಗೊತ್ತು ಎಂದು ಹೇಳಿ ಹೊರಟರು. ಮನೆಗೆ ಹೋದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಮ್ಮ ಮಲ್ಲಿಕಾಂಬ ನನಗೆ ಊಟ ಬಡಿಸಿದರು, ಮಾತು ಬಡಿಸಲಿಲ್ಲ.

ಈಗ ನನ್ನ ಕಷ್ಟ ಕೇಳಿ. ಎಮ್ಮೆ ಕತ್ತು ವಾರೆ ಮಾಡಿದ್ದನ್ನು ಇಡೀ ಸೀಮೆಗೆ ಹೇಳಿದವನು ನಾನು. ಹೇಳಿಕೊಳ್ಳಲು ಯೋಗ್ಯವಾದದ್ದನ್ನು ಜೀವನದಲ್ಲಿ ಒಮ್ಮೆ ಮಾಡಿ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಅಕ್ಷತಾಳ ನಂಬರು ತೆಗೆಯುತ್ತಿದ್ದೆ, ಇಡುತ್ತಿದ್ದೆ. ಹೊಟ್ಟೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿಗಳು ಹಾರಿ ಎದುರಂಗಡಿಗೆ ಬಿದ್ದವು. ಆದರೂ ಹೇಳಲಿಲ್ಲ. ನೀನೂ ಹೇಳಬೇಡ ಎಂದು ತನುಜಾಳಿಂದ ಆಣೆ ಹಾಕಿಸಿದೆ.

*

ಮಾವ ಬರುವುದನ್ನೇನೂ ನಿಲ್ಲಿಸಲಿಲ್ಲ. ಅಷ್ಟು ವರ್ಷದ ಪದ್ಧತಿ ಒಂದು ಮಾತಿಗೆ ಹೋಗುತ್ತದೆಯೇ? ಆದರೆ ನಮ್ಮ ಬೆಂಚು ಬಿಟ್ಟು, ಪಕ್ಕದ ಬಟ್ಟೆ ಅಂಗಡಿಯ ಬೆಂಚಿನಲ್ಲಿ, ನಮ್ಮ ಷೋಕೇಸಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಟೀ ಮಾತ್ರ ನಮ್ಮ ಲೆಕ್ಕದಲ್ಲೇ ಹೋಗುತ್ತಿತ್ತು.

ಒಂದು ಸಂಜೆ ನಾನು ಒಳಗಡೆ ಪರದೆ ಕಟ್ಟುತ್ತಿದ್ದೆ. ಹೊರಗೆ ಒಂದು ಧ್ವನಿ ಕೇಳಿಸಿತು. ಕೈಯಲ್ಲಿದ್ದ ಪರದೆಯ ಜೊತೆ ನಾನೂ ಕೆಳಗೆ ಬಂದೆ.

ಅಕ್ಷತಾ ಯಾವುದೋ ಕೆಲಸಕ್ಕೆ ಕಡೂರಿಗೆ ಬಂದವಳು, ಬಸ್ಸಿಗೆ ಹೋಗುವ ದಾರಿಯಲ್ಲಿ ಷೋಕೇಸು ನೋಡಿ ನಿಂತಿದ್ದಳಂತೆ. ನಡುವೆ ತನ್ನದೇ ಮುಖ. ಸ್ಟುಡಿಯೋದವರು ಇದ್ದಾರಾ ಎಂದು ಪಕ್ಕದ ಬೆಂಚಿನವರನ್ನು ಕೇಳಿದ್ದಾಳೆ. ಅವಳ ಹಿಂದೆ ಇಳಿಯುವ ಸೂರ್ಯ. ಮಾವ ಕನ್ನಡಕ ತೆಗೆದು ಟವಲಿನಿಂದ ಒರೆಸುತ್ತಿದ್ದರು, ಕಾಣಿಸಿದ್ದು ಆಕಾರ ಮಾತ್ರ. ನನ್ನ ಮೇಲೆ ದೂರು ಹೇಳಲು ಯಾರಾದರೂ ಸಿಗಲಿ ಎಂದೇ ಅವರು ಅಷ್ಟು ದಿನದಿಂದ ಕಾದಿದ್ದರು.

“ಇರ್ತಾನೆ ಇರ್ತಾನೆ, ಎಲ್ಲಿಗೆ ಹೋಗ್ತಾನೆ. ನೋಡಮ್ಮ, ನಾನು ಎತ್ತಿ ಆಡಿಸಿದ ಹುಡುಗ. ಆ ಫೋಟೋ ನೋಡಿ ಏನೋ ಒಂದು ಅಂದೆ, ತಮಾಷೆಗೆ. ಬಿಡಿಸಿ ಹೇಳಿ ಮಾವ ಅಂದ. ನಾಲ್ಕು ಜನರ ಮುಂದೆ. ಆ ಮಾತು ತಪ್ಪು, ಈ ಅಂಗಡೀಲಿ ಬೇಡ ಅಂದ. ನನ್ನ ಮಗಳ ಮದುವೆ ಕೆಲಸಾನೇ ಹೋಯ್ತು ಅವನಿಗೆ. ಹೋದ್ರೂ ಫೋಟೋ ತೆಗೀಲಿಲ್ಲ ನೋಡು.”

“ಏನು ಅಂದಿದ್ರಿ?” ಎಂದಳು ಅಕ್ಷತಾ.

ಮಾವ ಕನ್ನಡಕ ಹಾಕಿಕೊಂಡರು. ಅವಳನ್ನು ನೋಡಿದರು. ಹಿಂದೆ ತಿರುಗಿ ಷೋಕೇಸು ನೋಡಿದರು. ಮತ್ತೆ ಅವಳನ್ನು ನೋಡಿದರು. ಕಡೂರಿನ ಪೇಟೆಬೀದಿಯಲ್ಲಿ ಅಷ್ಟು ಹೊತ್ತು ಒಂದು ಆಟೋ ಹಾರ್ನ್ ಸಹ ಮಾಡಲಿಲ್ಲ, ಆಣೆಯಾಗಿ.

“ಹೇಳಿ ಯಜಮಾನ್ರೆ, ಪರವಾಗಿಲ್ಲ.”

ಮಾವ ಟವಲನ್ನು ಹೆಗಲಿಗೆ ಹಾಕಿ, ಮತ್ತೆ ತೆಗೆದು, ಮಡಿಚಿದರು. “ಅದನ್ನ ಹೇಳೋಕೆ ಬರಲ್ಲ ಬಿಡಮ್ಮ,” ಎಂದರು. ಅಷ್ಟು ಮೆತ್ತಗಿನ ಧ್ವನಿ ಅವರಿಗಿದೆಯೆಂದು ನನಗೆ ಗೊತ್ತಿರಲಿಲ್ಲ. ಎದ್ದು ಮನೆಯ ಕಡೆ ನಡೆದರು. ಅವತ್ತಿನ ಟೀಯ ದುಡ್ಡನ್ನು ತಾವೇ ಕೊಟ್ಟು ಹೋಗಿದ್ದರು.

ಅಕ್ಷತಾ ಒಳಗೆ ಬಂದಳು. ನಾನು ಪರದೆಯಲ್ಲಿ ಸಿಕ್ಕಿಹಾಕಿಕೊಂಡು ನಿಂತಿದ್ದೆ. ಅವಳೇ ಒಂದು ಸುತ್ತು ಬಿಡಿಸಿದಳು. ತನುಜಾಳಿಗೆ ಅದೇ ಹೊತ್ತಿಗೆ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ತುರ್ತು ಕೆಲಸ ನೆನಪಾಯಿತು.

“ಇದನ್ನೊಂದು ನೀವು ಹೇಳಿಕೊಳ್ಳಲಿಲ್ಲ,” ಎಂದಳು.

“ನೀವೇ ಬೇಡ ಅಂದಿದ್ರಲ್ಲ.”

“ಕಷ್ಟ ಆಯ್ತಾ?”

“ಸತ್ತೇ ಹೋಗಿದ್ದೆ ಕಣ್ರೀ. ನನ್ನ ಹೆಸರಿಂದಾಗಿ ಬದುಕ್ಕೊಂಡೆ.”

ಅವಳು ನಕ್ಕಳು. ಈ ಸಲ ನಗು ಎಡಗಡೆ ಶುರುವಾಗಿ ಬಲಗಡೆಯವರೆಗೂ ಬಂತು, ಅವಳು ವಾಪಸು ಕರೆಯಲಿಲ್ಲ. ನಗು ಮುಗಿದ ಮೇಲೆ, ಇನ್ನೂ ಪರದೆಯ ತುದಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು, ಇಂಥ ಮಾತು ಇದೇ ಕೊನೆಯದಲ್ಲ, ಕೇಳಿ ಕೇಳಿ ನನಗೇ ಬೇಸರ ಬಂದು ಸುಮ್ಮನಾಗುವ ದಿನಗಳಿವೆ, ಒಬ್ಬಳೇ ಎಷ್ಟು ಅಂತ ಉತ್ತರ ಕೊಡಲಿ ಎಂದು. ಆ ದಿನ ನನ್ನ ಪಾಳಿ ಎಂದೆ. ಪಾಳಿ ಬಿಟ್ಟು ಸಿನಿಮಾಕ್ಕೆ ಹೋಗಬಾರದು ಎಂದಳು. ಹೋಗುವುದಿಲ್ಲ ಎಂದೆ.

ರೈಲಿನಲ್ಲಿ ಹೆಣೆದ ಮಾತು ನೆನಪಿಗೆ ಬಂ‌ತು. ಅದರಲ್ಲಿ ಚಂದ್ರನಿದ್ದ, ಭದ್ರಾ ನದಿಯಿತ್ತು, ಏಳು ಜನ್ಮಗಳಿದ್ದವು. ಎಲ್ಲ ಬಿಟ್ಟೆ.

“ನೀವು ನನಗೆ ಇಷ್ಟ.”

“ಎಷ್ಟು?”

“ಇಷ್ಟೇ. ಏನೂ ಸೇರಿಸಿಲ್ಲ.”

ಅವಳು ಅಳೆಯುವವಳ ಹಾಗೆ ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. “ಹಾಗಾದ್ರೆ ಭಾಗಿಸೋದಿಲ್ಲ,” ಎಂದಳು. ಪರದೆಯ ತುದಿ ಕೆಳಗಿಟ್ಟು, ಬಹಳ ಸಣ್ಣಗೆ, “ನನಗೂ,” ಎಂದಳು.

ಮನೆಯಲ್ಲಿ ಮಾತುಕತೆ ಇನ್ನೂ ನಡೆದಿದೆ. ಅಮ್ಮ ಒಂದು ದಿನ ಒಪ್ಪುತ್ತಾರೆ, ಮರುದಿನ ತಲೆನೋವು ಎಂದು ಮಲಗುತ್ತಾರೆ. ಯಲ್ಲಾಪುರದಲ್ಲಿ ಅವಳ ಅಪ್ಪ ನನ್ನನ್ನು ಅಂಗಳದಲ್ಲಿ ಕೂರಿಸಿ, ಹುಡುಗ ಮಾತು ಸ್ವಲ್ಪ ಜಾಸ್ತಿ ಅಲ್ಲವಾ ಎಂದು ಅವಳನ್ನು ಕೇಳಿದರಂತೆ. ಕಡಿಮೆಯಾಗಿದೆ ಅಪ್ಪ ಎಂದಳಂತೆ. ಕೃತಿಕಾಳ ಮದುವೆಯ ಆಲ್ಬಮ್ ತರೀಕೆರೆಯಿಂದ ಬಂತು, ಅದನ್ನು ನೋಡಲು ಕಪ್ಪು ಕನ್ನಡಕ ಬೇಕು. ಮಾವ ಈಗ ನಮ್ಮ ಬೆಂಚಿಗೆ ವಾಪಸು ಬಂದಿದ್ದಾರೆ. ಆ ಮಾತಿನ ಬಗ್ಗೆ ಅವರು ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಷೋಕೇಸಿಗೆ ಬೆನ್ನು ಹಾಕುವುದಿಲ್ಲ. ಇಷ್ಟನ್ನೂ ನಾನು ಇಲ್ಲಿ ಬರೆದದ್ದು ಅವಳ ಅಪ್ಪಣೆ ಪಡೆದೇ. ಎಮ್ಮೆಯ ವಿಷಯ ತೆಗೆಯಲು ಹೇಳಿದ್ದಳು, ಅದೊಂದು ಆಗಲಿಲ್ಲ.

‘ನನಗೂ’ ಎಂದ ಆ ಸಂಜೆ ಅವಳು ಬಸ್ಸಿಗೆ ಹೊರಡುವ ಮೊದಲು ನಮ್ಮಿಬ್ಬರ ಫೋಟೋ ತೆಗೆದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಒತ್ತಿ ಓಡಿಬಂದು ಅವಳ ಪಕ್ಕ ಕೂತೆ. ಮೊದಲನೆಯದರಲ್ಲಿ ನಾನು ಚೆನ್ನಾಗಿ ಬಂದೆ, ಅವಳು ಕಾಣಲಿಲ್ಲ. ದೀಪವನ್ನು ಅವಳ ಕಡೆ ತಿರುಗಿಸಿದೆ. ಸಾಲದು ಎಂದಳು. ಇನ್ನೂ ತಿರುಗಿಸಿದೆ. ನೀವು ನೆರಳಿಗೆ ಹೋಗ್ತೀರಿ ಎಂದಳು. ಹೋದರೆ ಹೋಗಲಿ ಎಂದೆ.

ಹಾಗೆ ತೆಗೆದ ಫೋಟೋದಲ್ಲಿ ಅವಳ ಒಂದೊಂದು ಕೂದಲೂ ಎಣಿಸುವ ಹಾಗಿದೆ. ನನ್ನದು ಒಂದು ಕಿವಿ, ಅರ್ಧ ಮೂಗು, ಮತ್ತು ಬಾಯಿ ಮುಚ್ಚಿದ ಒಂದು ನಗು. ನಾನು ಚೆನ್ನಾಗಿ ಕಾಣದ ಫೋಟೋ ಎಂದರೆ ಭೂಮಂಡಲದಲ್ಲಿ ಅದೊಂದೇ. ಈಗ ಷೋಕೇಸಿನ ನಡುವೆ, ಅವಳ ಫೋಟೋದ ಪಕ್ಕದಲ್ಲೇ, ಇರುವುದು ಅದೇ.